ಟೈಮ್‌ಶೇರ್ ಸದಸ್ಯರಿಗೆ ಹಾಗೂ ಅವರ ಕುಟುಂಬದವರಿಗೆ ಥೀಮ್ ಪಾರ್ಕ್ ವಾರ್ಷಿಕ ಪಾಸಿನ ರಿಯಾಯಿತಿ: ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಪ್ರವಾಸಿ ಕ್ಲಬ್ಬುಗಳ ಹಾಗೂ ಟೈಮ್‌ಶೇರ್ ಸಂಸ್ಥೆಗಳ ಸದಸ್ಯತ್ವವನ್ನು ಮಾರಾಟ ಮಾಡುವಾಗ ಅದರೊಂದಿಗೆ ಹಲವು ಕೊಡುಗೆಗಳನ್ನು ಪ್ರಕಟಿಸುವುದು ವಾಡಿಕೆಯಾಗಿದೆ. ಸದಸ್ಯರಿಗೂ ಅವರ ಕುಟುಂಬದವರಿಗೂ ಥೀಮ್ ಪಾರ್ಕಿನ ವಾರ್ಷಿಕ ಪಾಸುಗಳನ್ನು ಕಡಿಮೆ ದರದಲ್ಲಿ ಕೊಡಿಸುವ ಭರವಸೆ ಇಂತಹ ಕೊಡುಗೆಗಳಲ್ಲಿ ಒಂದು. ಮಕ್ಕಳಿರುವ ಮನೆಯವರಿಗೆ ಇದು ಸಹಜವಾಗಿಯೇ ಆಕರ್ಷಕವಾಗಿ ಕಾಣುತ್ತದೆ. ಆದರೆ ಪಾಸಿನ ಮೇಲೆ ಉಳಿಯುವ ಹಣ ಕೆಲವು ಸಾವಿರ ರೂಪಾಯಿಗಳಾದರೆ, ಅದಕ್ಕಾಗಿ ಸಹಿ ಹಾಕುವ ಸದಸ್ಯತ್ವದ ಮೊತ್ತ ಲಕ್ಷಗಳಲ್ಲಿರುತ್ತದೆ ಮತ್ತು ಅದರ ಹೊಣೆ ಹಲವು ವರ್ಷಗಳವರೆಗೆ ಮುಂದುವರಿಯುತ್ತದೆ.

ಆದುದರಿಂದ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ನಾಗರಿಕರ ತಿಳಿವಳಿಕೆಗಾಗಿ ಈ ಕೆಳಕಂಡ ವಿಷಯಗಳನ್ನು ವಿವರಿಸಲಾಗಿದೆ: ಇಂತಹ ರಿಯಾಯಿತಿಯ ಸ್ವರೂಪವೇನು, ಅದು ಕುಟುಂಬದಲ್ಲಿ ಯಾರಿಗೆ ಅನ್ವಯಿಸುತ್ತದೆ, ಅದರ ನಿಜವಾದ ಲಾಭವನ್ನು ಲೆಕ್ಕ ಹಾಕುವುದು ಹೇಗೆ, ಮತ್ತು ಭರವಸೆ ಕೊಟ್ಟ ರಿಯಾಯಿತಿ ದೊರೆಯದಿದ್ದಲ್ಲಿ ಎಲ್ಲಿ, ಹೇಗೆ ದೂರು ಸಲ್ಲಿಸಬೇಕು.

2. ಟೈಮ್‌ಶೇರ್ ಎಂದರೇನು?

ಒಂದು ವಿಹಾರಧಾಮದ ಕೊಠಡಿಯನ್ನು ಪ್ರತಿ ವರ್ಷ ನಿಗದಿತ ಸಂಖ್ಯೆಯ ದಿನಗಳ ಕಾಲ ಬಳಸುವ ಹಕ್ಕನ್ನು ಮುಂಗಡ ಹಣ ಕೊಟ್ಟು ಪಡೆಯುವ ವ್ಯವಸ್ಥೆಗೆ ಟೈಮ್‌ಶೇರ್ ಎನ್ನುತ್ತಾರೆ. ಇದು 1960ರ ದಶಕದಲ್ಲಿ ಯೂರೋಪಿನಲ್ಲಿ ಆರಂಭವಾಯಿತು. ಭಾರತದಲ್ಲಿ 1986ರಲ್ಲಿ ಸ್ಥಾಪನೆಯಾದ ಸ್ಟರ್ಲಿಂಗ್ ಮತ್ತು 1996ರಲ್ಲಿ ಸ್ಥಾಪನೆಯಾದ ಮಹೀಂದ್ರಾ ಹಾಲಿಡೇಸ್ ಈ ಕ್ಷೇತ್ರದ ಪರಿಚಿತ ಸಂಸ್ಥೆಗಳಾಗಿವೆ. ಸಾಮಾನ್ಯವಾಗಿ ಸದಸ್ಯರಿಗೆ ವರ್ಷಕ್ಕೆ 7 ರಾತ್ರಿಗಳ ವಾಸ್ತವ್ಯದ ಹಕ್ಕು ಇರುತ್ತದೆ. ಸದಸ್ಯತ್ವದ ಅವಧಿ ಯೋಜನೆಗೆ ಅನುಗುಣವಾಗಿ 10, 25 ಅಥವಾ ಅದಕ್ಕೂ ಹೆಚ್ಚು ವರ್ಷಗಳಿರಬಹುದು.

ಈ ಸಂಬಂಧ ನಾಗರಿಕರು ಮುಖ್ಯವಾಗಿ ಮೂರು ಅಂಶಗಳನ್ನು ಗಮನಿಸತಕ್ಕದ್ದು.

(ಅ) ಬಹುತೇಕ ಯೋಜನೆಗಳಲ್ಲಿ ಸದಸ್ಯರಿಗೆ ದೊರೆಯುವುದು ಬಳಕೆಯ ಹಕ್ಕು ಮಾತ್ರ. ಕಟ್ಟಡದಲ್ಲಾಗಲಿ, ಭೂಮಿಯಲ್ಲಾಗಲಿ ಮಾಲೀಕತ್ವ ದೊರೆಯುವುದಿಲ್ಲ.

(ಆ) ಸದಸ್ಯತ್ವ ಶುಲ್ಕವಲ್ಲದೆ ವಾರ್ಷಿಕ ನಿರ್ವಹಣಾ ಶುಲ್ಕವನ್ನು ಪ್ರತಿ ವರ್ಷ ಪಾವತಿಸಬೇಕಾಗುತ್ತದೆ. ಆ ವರ್ಷ ಪ್ರವಾಸ ಹೋಗದಿದ್ದರೂ ಈ ಶುಲ್ಕ ತಪ್ಪದಿರಬಹುದು. ಶುಲ್ಕವನ್ನು ಕಾಲಕಾಲಕ್ಕೆ ಹೆಚ್ಚಿಸುವ ಅಧಿಕಾರವನ್ನು ಕರಾರಿನಲ್ಲಿ ಸಂಸ್ಥೆಯು ತನ್ನಲ್ಲಿಯೇ ಇಟ್ಟುಕೊಂಡಿರಬಹುದು.

(ಇ) ಯೂರೋಪಿನ ಒಕ್ಕೂಟವು 2009ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಅಲ್ಲಿನ ಗ್ರಾಹಕರು ಟೈಮ್‌ಶೇರ್ ಕರಾರಿಗೆ ಸಹಿ ಮಾಡಿದ 14 ದಿನಗಳೊಳಗೆ ಯಾವ ಕಾರಣವನ್ನೂ ನೀಡದೆ ಅದರಿಂದ ಹಿಂದೆ ಸರಿಯಬಹುದು. ನಮ್ಮ ದೇಶದಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕವಾದ ಕೇಂದ್ರ ಕಾಯ್ದೆ ಇಲ್ಲ. ಇಲ್ಲಿ ಹಿಂದೆ ಸರಿಯುವ ಅವಧಿ ಎಷ್ಟು, ಆಗ ಎಷ್ಟು ಹಣ ವಾಪಸು ಬರುತ್ತದೆ ಎಂಬುದನ್ನು ಕರಾರೇ ನಿರ್ಧರಿಸುತ್ತದೆ. ಗ್ರಾಹಕರಿಗೆ ಭಾರತೀಯ ಕರಾರು ಕಾಯ್ದೆ, 1872 ಹಾಗೂ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019 ರಕ್ಷಣೆ ನೀಡುತ್ತವೆ.

3. ವಾರ್ಷಿಕ ಪಾಸು ಮತ್ತು ರಿಯಾಯಿತಿ

ಥೀಮ್ ಪಾರ್ಕಿಗೆ ಒಂದು ವರ್ಷದ ಅವಧಿಯಲ್ಲಿ ಹಲವು ಬಾರಿ ಪ್ರವೇಶ ನೀಡುವ ಚೀಟಿಯೇ ವಾರ್ಷಿಕ ಪಾಸು. ನಮ್ಮ ಮೂರು ತಾಲ್ಲೂಕುಗಳ ಜನರು ಸಾಮಾನ್ಯವಾಗಿ ಹೋಗುವ ಪಾರ್ಕುಗಳೆಂದರೆ ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಮತ್ತು ಬಿಡದಿಯ ಸಮೀಪ 2005ರಲ್ಲಿ ಆರಂಭವಾದ ವಂಡರ್‌ಲಾ. ಇವುಗಳ ಹೆಸರನ್ನು ಸ್ಥಳ ಮತ್ತು ದೂರದ ಅಂದಾಜಿಗಾಗಿ ಮಾತ್ರ ಇಲ್ಲಿ ನೀಡಲಾಗಿದೆ. ಯಾವ ಪಾರ್ಕಿನಲ್ಲಿ ಯಾವ ಪಾಸು ಲಭ್ಯವಿದೆ, ಅದರ ದರವೆಷ್ಟು ಎಂಬುದನ್ನು ಆಯಾ ಪಾರ್ಕಿನ ಟಿಕೆಟ್ ಕೌಂಟರಿನಲ್ಲಿಯೇ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಸೂಕ್ತ.

ರಿಯಾಯಿತಿ ನೀಡುವವರು ಯಾರು ಎಂಬುದು ಮುಖ್ಯವಾದ ಪ್ರಶ್ನೆ. ಟೈಮ್‌ಶೇರ್ ಸಂಸ್ಥೆ ಮತ್ತು ಪಾರ್ಕು ಎರಡೂ ಒಂದೇ ಒಡೆತನದಲ್ಲಿದ್ದರೆ ರಿಯಾಯಿತಿಯ ಹೊಣೆ ಒಂದೇ ಕಡೆ ಇರುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ 1991ರಲ್ಲಿ ಆರಂಭವಾದ ಡಿಸ್ನಿ ವೆಕೇಷನ್ ಕ್ಲಬ್ ಇದಕ್ಕೆ ಉದಾಹರಣೆ. ಅಲ್ಲಿ ಪಾರ್ಕೂ ಟೈಮ್‌ಶೇರೂ ಒಂದೇ ಸಮೂಹದ್ದಾಗಿವೆ. ಹಾಗಿದ್ದರೂ 2016ರ ಏಪ್ರಿಲ್ 4ರ ನಂತರ ಬೇರೊಬ್ಬ ಸದಸ್ಯರಿಂದ ಸದಸ್ಯತ್ವವನ್ನು ಕೊಂಡವರಿಗೆ ವಾರ್ಷಿಕ ಪಾಸಿನ ರಿಯಾಯಿತಿಯೂ ಸೇರಿದಂತೆ ಹೆಚ್ಚುವರಿ ಸೌಲಭ್ಯಗಳನ್ನು ನಿಲ್ಲಿಸಲಾಯಿತು. 2021ರ ನವೆಂಬರ್‌ನಲ್ಲಿ ಫ್ಲಾರಿಡಾದ ಪಾರ್ಕುಗಳಲ್ಲಿ ಹಲವು ಬಗೆಯ ವಾರ್ಷಿಕ ಪಾಸುಗಳ ಹೊಸ ಮಾರಾಟವನ್ನೇ ಕೆಲಕಾಲ ತಡೆಹಿಡಿಯಲಾಯಿತು. ಸದಸ್ಯತ್ವ ಮುಂದುವರಿದಿದ್ದರೂ ಅದರ ಜೊತೆಗಿನ ರಿಯಾಯಿತಿ ಮುಂದುವರಿಯದೇ ಇರಬಹುದು ಎಂಬುದು ಇದರಿಂದ ತಿಳಿದುಬರುತ್ತದೆ.

ಟೈಮ್‌ಶೇರ್ ಸಂಸ್ಥೆ ಒಬ್ಬರದು, ಪಾರ್ಕು ಮತ್ತೊಬ್ಬರದು ಆಗಿದ್ದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಆಗ ರಿಯಾಯಿತಿಯು ಆ ಎರಡು ಸಂಸ್ಥೆಗಳ ನಡುವಿನ ಒಪ್ಪಂದವನ್ನು ಅವಲಂಬಿಸಿರುತ್ತದೆ. ಸದಸ್ಯತ್ವ 25 ವರ್ಷಗಳದ್ದಾಗಿದ್ದು, ಪಾರ್ಕಿನೊಂದಿಗಿನ ಒಪ್ಪಂದ ಒಂದೇ ವರ್ಷದ್ದಾಗಿದ್ದರೆ ಎರಡನೆಯ ವರ್ಷ ರಿಯಾಯಿತಿ ಇರುತ್ತದೆಂಬ ಭರವಸೆ ಇರುವುದಿಲ್ಲ. ಆದ್ದರಿಂದ ಒಪ್ಪಂದ ಯಾವ ದಿನಾಂಕದವರೆಗೆ ಜಾರಿಯಲ್ಲಿದೆ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯತಕ್ಕದ್ದು.

4. ‘ಕುಟುಂಬ’ ಎಂಬ ಪದದ ವ್ಯಾಪ್ತಿ

ನಮ್ಮ ಕಡೆ ಕುಟುಂಬವೆಂದರೆ ಅಜ್ಜ, ಅಜ್ಜಿ, ಅತ್ತೆ, ಮಾವ, ಅಣ್ಣ, ಅತ್ತಿಗೆ, ಅವರ ಮಕ್ಕಳು ಎಲ್ಲರೂ ಸೇರುತ್ತಾರೆ. ಆದರೆ ಕರಾರಿನಲ್ಲಿ ಬರೆದಿರುವ ಕುಟುಂಬ ಇಷ್ಟು ವಿಶಾಲವಾಗಿರುವುದಿಲ್ಲ. ಹಲವು ಯೋಜನೆಗಳಲ್ಲಿ ಸದಸ್ಯ, ಅವರ ಪತಿ ಅಥವಾ ಪತ್ನಿ ಮತ್ತು ನಿಗದಿತ ವಯಸ್ಸಿನೊಳಗಿನ ಮಕ್ಕಳನ್ನು ಮಾತ್ರ ಕುಟುಂಬವೆಂದು ಪರಿಗಣಿಸಲಾಗುತ್ತದೆ. ಕೆಲವು ಕಡೆ ಒಂದೇ ವಿಳಾಸದಲ್ಲಿ ವಾಸಿಸುವವರಿಗೆ ಮಾತ್ರ ಅವಕಾಶವಿರುತ್ತದೆ. ಓದಿಗಾಗಿ ಮೈಸೂರಿನ ವಿದ್ಯಾರ್ಥಿನಿಲಯದಲ್ಲಿರುವ ಮಗ ಅಥವಾ ಮಗಳು ಆ ನಿಬಂಧನೆಯಡಿ ಬರುತ್ತಾರೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ಮಕ್ಕಳ ವಿಷಯದಲ್ಲಿ ಇನ್ನೊಂದು ಅಂಶವಿದೆ. ಮಕ್ಕಳ ಟಿಕೆಟ್ಟನ್ನು ವಯಸ್ಸಿನ ಬದಲು ಎತ್ತರದ ಆಧಾರದ ಮೇಲೆ ನಿಗದಿಪಡಿಸುವ ಪಾರ್ಕುಗಳಿವೆ. ಹಲವು ಆಟಗಳಿಗೂ ಕನಿಷ್ಠ ಎತ್ತರದ ನಿಯಮವಿರುತ್ತದೆ. ವರ್ಷದ ಮಧ್ಯದಲ್ಲಿ ಮಗುವಿನ ಎತ್ತರ ಹೆಚ್ಚಿದರೆ ಪಾಸಿನ ದರ್ಜೆ ಬದಲಾಗುವುದೇ ಎಂದು ವಿಚಾರಿಸಿರಿ. ತೀರಾ ಚಿಕ್ಕ ಮಗುವಿಗೆ ಉಚಿತ ಪ್ರವೇಶವಿರುವ ಕಡೆ ಅದಕ್ಕೂ ಒಂದು ಪಾಸು ಕೊಂಡರೆ ಆ ಹಣ ವ್ಯರ್ಥವಾಗುತ್ತದೆ.

ಸದಸ್ಯರಲ್ಲದ ಕುಟುಂಬದವರಿಗೂ ಕಾನೂನಿನ ರಕ್ಷಣೆ ಇದೆ. ಗ್ರಾಹಕರ ಸಂರಕ್ಷಣಾ ಕಾಯ್ದೆಯ ಕಲಂ 2(7)ರ ಪ್ರಕಾರ ಹಣ ಕೊಟ್ಟು ಸೇವೆ ಪಡೆದವರು ಮಾತ್ರವಲ್ಲದೆ, ಅವರ ಒಪ್ಪಿಗೆಯಿಂದ ಆ ಸೇವೆಯ ಪ್ರಯೋಜನ ಪಡೆಯುವವರೂ ಗ್ರಾಹಕರೇ ಆಗುತ್ತಾರೆ. ಕರಾರಿನ ಪ್ರಕಾರ ಅರ್ಹರಾದ ಪತ್ನಿಗೆ ಅಥವಾ ಮಗಳಿಗೆ ಪಾಸು ನಿರಾಕರಿಸಿದ್ದಲ್ಲಿ ಅವರೂ ದೂರುದಾರರಾಗಬಹುದು.

5. ಲಾಭದ ಲೆಕ್ಕ

ರಿಯಾಯಿತಿಯ ಶೇಕಡಾವಾರು ಪ್ರಮಾಣವನ್ನು ಮಾತ್ರ ನೋಡಿ ತೀರ್ಮಾನ ಕೈಗೊಳ್ಳುವುದು ಸರಿಯಲ್ಲ. ಈ ಕೆಳಗಿನ ಲೆಕ್ಕದಲ್ಲಿ ನೀಡಿರುವ ಮೊತ್ತಗಳು ಉದಾಹರಣೆಗಾಗಿ ಮಾತ್ರ ಇದ್ದು, ಯಾವುದೇ ಸಂಸ್ಥೆಯ ದರಗಳಾಗಿರುವುದಿಲ್ಲ.

ಹನೂರಿನ ಒಬ್ಬ ಶಿಕ್ಷಕರು, ಅವರ ಪತ್ನಿ ಮತ್ತು ಇಬ್ಬರು ಮಕ್ಕಳಿರುವ ಕುಟುಂಬವೊಂದನ್ನು ಭಾವಿಸಿಕೊಳ್ಳೋಣ. ಒಂದು ದಿನದ ಟಿಕೆಟ್ ತಲಾ 1,200 ರೂ. ಮತ್ತು ವಾರ್ಷಿಕ ಪಾಸು ತಲಾ 3,600 ರೂ. ಎಂದಿಟ್ಟುಕೊಳ್ಳೋಣ. ಸದಸ್ಯರಿಗೆ ಶೇ. 25ರಷ್ಟು ರಿಯಾಯಿತಿ ದೊರೆತರೆ ಪಾಸಿನ ದರ 2,700 ರೂ. ಆಗುತ್ತದೆ. ನಾಲ್ವರಿಗೆ ಒಟ್ಟು 10,800 ರೂ.

ವರ್ಷಕ್ಕೆ 1 ಬಾರಿ ಹೋದರೆ: ದಿನದ ಟಿಕೆಟ್ ಖರ್ಚು 4,800 ರೂ. ಪಾಸು ಕೊಂಡಿದ್ದರಿಂದ 6,000 ರೂ. ಹೆಚ್ಚು ವೆಚ್ಚ.

ವರ್ಷಕ್ಕೆ 2 ಬಾರಿ ಹೋದರೆ: ದಿನದ ಟಿಕೆಟ್ ಖರ್ಚು 9,600 ರೂ. ಪಾಸು ಕೊಂಡಿದ್ದರಿಂದ 1,200 ರೂ. ಹೆಚ್ಚು ವೆಚ್ಚ.

ವರ್ಷಕ್ಕೆ 3 ಬಾರಿ ಹೋದರೆ: ದಿನದ ಟಿಕೆಟ್ ಖರ್ಚು 14,400 ರೂ. ಪಾಸು ಕೊಂಡಿದ್ದರಿಂದ 3,600 ರೂ. ಉಳಿತಾಯ.

ಅಂದರೆ ರಿಯಾಯಿತಿ ದೊರೆತ ಮೇಲೂ ನಾಲ್ವರೂ ವರ್ಷದಲ್ಲಿ ಮೂರು ಬಾರಿ ಹೋದಾಗ ಮಾತ್ರ ಲಾಭ ಆರಂಭವಾಗುತ್ತದೆ. ಪಾಸು ಪ್ರವೇಶ ದರವನ್ನು ಕಡಿಮೆ ಮಾಡುತ್ತದೆಯೇ ಹೊರತು ಪ್ರಯಾಣದ ವೆಚ್ಚವನ್ನಲ್ಲ. ಹನೂರಿನಿಂದ ಮೈಸೂರಿಗೆ ಕೊಳ್ಳೇಗಾಲ ಮತ್ತು ತಿ. ನರಸೀಪುರದ ಮೂಲಕ, ಬಿಡದಿಗೆ ಕೊಳ್ಳೇಗಾಲ, ಮಳವಳ್ಳಿ ಮತ್ತು ಮದ್ದೂರಿನ ಮೂಲಕ ಹೋಗಬೇಕಾಗುತ್ತದೆ. ಈ ಮೂರು ತಾಲ್ಲೂಕು ಕೇಂದ್ರಗಳಿಗೂ ರೈಲು ಸಂಪರ್ಕವಿಲ್ಲದ ಕಾರಣ ಬಸ್ಸು ಅಥವಾ ಸ್ವಂತ ವಾಹನವನ್ನೇ ಅವಲಂಬಿಸಬೇಕು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಅವಕಾಶವಿದ್ದು, ಉಳಿದವರ ಟಿಕೆಟ್, ಊಟ, ಲಾಕರ್ ಬಾಡಿಗೆ ಮುಂತಾದ ಖರ್ಚುಗಳು ಪ್ರತಿ ಬಾರಿಯೂ ಬರುತ್ತವೆ. ಯಳಂದೂರಿನ ಕುಟುಂಬವಾಗಲಿ, ಕೊಳ್ಳೇಗಾಲದ ಕುಟುಂಬವಾಗಲಿ ಕಳೆದ ಎರಡು ವರ್ಷಗಳಲ್ಲಿ ಇಂತಹ ಪಾರ್ಕಿಗೆ ವಾಸ್ತವವಾಗಿ ಎಷ್ಟು ಬಾರಿ ಹೋಗಿದೆ ಎಂದು ನೆನಪಿಸಿಕೊಂಡರೆ ಪಾಸು ಬೇಕೇ ಬೇಡವೇ ಎಂಬುದಕ್ಕೆ ಉತ್ತರ ದೊರೆಯುತ್ತದೆ.

ಈಗ ಸದಸ್ಯತ್ವದ ಲೆಕ್ಕವನ್ನು ಗಮನಿಸೋಣ. ಸದಸ್ಯತ್ವ ಶುಲ್ಕ 3,00,000 ರೂ., ಅವಧಿ 25 ವರ್ಷ ಎಂದಾದರೆ ವರ್ಷಕ್ಕೆ 12,000 ರೂ. ಬೀಳುತ್ತದೆ. ವಾರ್ಷಿಕ ನಿರ್ವಹಣಾ ಶುಲ್ಕ 15,000 ರೂ. ಸೇರಿಸಿದರೆ 27,000 ರೂ. ಇದನ್ನು 7 ರಾತ್ರಿಗಳಿಗೆ ಭಾಗಿಸಿದರೆ ಒಂದು ರಾತ್ರಿಗೆ ಸುಮಾರು 3,857 ರೂ. ಇದರಲ್ಲಿ ತೆರಿಗೆ, ಕಂತಿನ ಮೇಲಿನ ಬಡ್ಡಿ, ಮುಂದಿನ ವರ್ಷಗಳ ಶುಲ್ಕ ಹೆಚ್ಚಳ ಯಾವುದೂ ಸೇರಿಲ್ಲ. ಒಂದು ವರ್ಷ ಪ್ರವಾಸ ತಪ್ಪಿ, ಆ ರಾತ್ರಿಗಳು ಮುಂದಿನ ವರ್ಷಕ್ಕೆ ವರ್ಗಾವಣೆಯಾಗದಿದ್ದರೆ ಆ ವರ್ಷದ 27,000 ರೂ. ಪೂರ್ಣವಾಗಿ ನಷ್ಟವಾಗುತ್ತದೆ. ಪಾಸಿನ ರಿಯಾಯಿತಿಯಿಂದ ಉಳಿಯುವ 3,600 ರೂ. ಈ ವಾರ್ಷಿಕ ನಿರ್ವಹಣಾ ಶುಲ್ಕದ ಕಾಲು ಭಾಗವೂ ಆಗುವುದಿಲ್ಲ.

ಆದ್ದರಿಂದ ನಾಗರಿಕರು ಪಾಲಿಸಬೇಕಾದ ಸೂತ್ರ ಸರಳವಾಗಿದೆ. ಪಾಸಿನ ರಿಯಾಯಿತಿಯನ್ನು ಸಂಪೂರ್ಣವಾಗಿ ಬದಿಗಿಟ್ಟು ಸದಸ್ಯತ್ವದ ಲೆಕ್ಕವನ್ನು ಮಾಡಿರಿ. ಆಗಲೂ ಅದು ಕುಟುಂಬಕ್ಕೆ ಅನುಕೂಲಕರವೆನಿಸಿದರೆ ಮಾತ್ರ ಮುಂದುವರಿಯಿರಿ. ಈಗಾಗಲೇ ಸದಸ್ಯರಾಗಿರುವವರಿಗೆ ರಿಯಾಯಿತಿ ಉಪಯುಕ್ತವಾಗಬಹುದು. ಆದರೆ ರಿಯಾಯಿತಿಗಾಗಿಯೇ ಸದಸ್ಯರಾಗುವುದು ನಷ್ಟಕ್ಕೆ ದಾರಿಯಾಗುತ್ತದೆ.

6. ಮಾರಾಟದ ವಿಧಾನ ಮತ್ತು ವಹಿಸಬೇಕಾದ ಎಚ್ಚರಿಕೆ

ಇಂತಹ ಸದಸ್ಯತ್ವಗಳನ್ನು ಮಾರುವ ಒಂದು ಪರಿಚಿತ ವಿಧಾನವಿದೆ. ವಸ್ತುಪ್ರದರ್ಶನ, ಮಾಲ್ ಅಥವಾ ಪೆಟ್ರೋಲ್ ಬಂಕಿನಲ್ಲಿ ಅದೃಷ್ಟ ಚೀಟಿಯೊಂದನ್ನು ತುಂಬಿಸಿಕೊಳ್ಳಲಾಗುತ್ತದೆ. ಕೆಲವು ದಿನಗಳ ನಂತರ ಬಹುಮಾನ ಬಂದಿದೆಯೆಂದು ದೂರವಾಣಿ ಕರೆ ಬರುತ್ತದೆ. ಪತಿ ಪತ್ನಿ ಇಬ್ಬರೂ ಕಡ್ಡಾಯವಾಗಿ ಬರಬೇಕೆಂದು ತಿಳಿಸಿ ಹೋಟೆಲೊಂದಕ್ಕೆ ಆಹ್ವಾನಿಸಲಾಗುತ್ತದೆ. ಅಲ್ಲಿ ಗಂಟೆಗಟ್ಟಲೆ ವಿವರಣೆ ನೀಡಿ, ಈ ದರ ಇಂದು ಮಾತ್ರ ಎಂದು ಹೇಳಿ ಅಂದೇ ಕಾರ್ಡಿನ ಮೂಲಕ ಮುಂಗಡ ಪಡೆಯಲಾಗುತ್ತದೆ. ಮನೆಗೆ ಬಂದು ಹಿರಿಯರೊಡನೆ ಚರ್ಚಿಸಲು ಸಮಯ ಕೊಡದಿರುವುದೇ ಈ ವಿಧಾನದ ಮರ್ಮ. ಸಮಯ ಕೊಡಲು ಒಪ್ಪದವರ ಮುಂದೆ ಸಹಿ ಮಾಡದಿರುವುದು ಕ್ಷೇಮ.

ಸಹಿ ಮಾಡುವ ಮುನ್ನ ಈ ಕೆಳಕಂಡವುಗಳನ್ನು ಪರಿಶೀಲಿಸತಕ್ಕದ್ದು:

(1) ಪಾಸಿನ ರಿಯಾಯಿತಿ ಕರಾರಿನಲ್ಲಿ ಅಥವಾ ಅದರ ಅನುಬಂಧದಲ್ಲಿ ಬರೆಯಲ್ಪಟ್ಟಿದೆಯೇ? ಮಾರಾಟ ಪ್ರತಿನಿಧಿಯ ಬಾಯಿಮಾತು, ಕೈಬರಹದ ಚೀಟಿ ಸಾಲದು. ಸಂಸ್ಥೆಯ ಮೊಹರು ಮತ್ತು ಅಧಿಕೃತ ಸಹಿ ಇರಬೇಕು.

(2) ರಿಯಾಯಿತಿ ಮೂಲ ದರದ ಮೇಲೋ, ತೆರಿಗೆ ಸೇರಿದ ದರದ ಮೇಲೋ? ಥೀಮ್ ಪಾರ್ಕ್ ಪ್ರವೇಶದ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2018ರ ಜನವರಿಯಲ್ಲಿ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಗಿತ್ತು. ಪಾಸಿನ ದರದಲ್ಲಿ ತೆರಿಗೆಯ ಪಾಲು ಕಡೆಗಣಿಸುವಷ್ಟು ಚಿಕ್ಕದಲ್ಲ.

(3) ಪಾಸಿನ ಒಂದು ವರ್ಷ ಕೊಂಡ ದಿನದಿಂದಲೋ, ಮೊದಲ ಪ್ರವೇಶದ ದಿನದಿಂದಲೋ?

(4) ಶನಿವಾರ, ಭಾನುವಾರ, ದಸರಾ ರಜೆ, ಬೇಸಿಗೆ ರಜೆ ಮತ್ತು ಹಬ್ಬದ ದಿನಗಳಲ್ಲಿ ಪಾಸು ನಡೆಯುತ್ತದೆಯೇ? ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಆ ದಿನಗಳಲ್ಲಿ ನಡೆಯದ ಪಾಸಿನಿಂದ ಪ್ರಯೋಜನವಿಲ್ಲ.

(5) ವಾರ್ಷಿಕ ನಿರ್ವಹಣಾ ಶುಲ್ಕ ಬಾಕಿ ಇದ್ದರೆ ರಿಯಾಯಿತಿ ರದ್ದಾಗುತ್ತದೆಯೇ?

(6) ಸದಸ್ಯತ್ವವನ್ನು ಮಕ್ಕಳಿಗೆ ಅಥವಾ ಬೇರೆಯವರಿಗೆ ವರ್ಗಾಯಿಸಿದರೆ ರಿಯಾಯಿತಿ ಅವರಿಗೂ ದೊರೆಯುತ್ತದೆಯೇ?

(7) ಕರಾರಿನಿಂದ ಹಿಂದೆ ಸರಿಯಲು ಎಷ್ಟು ದಿನ ಅವಕಾಶವಿದೆ? ಆಗ ಕಡಿತಗೊಳ್ಳುವ ಮೊತ್ತವೆಷ್ಟು?

ಸದಸ್ಯತ್ವದ ಹಣವನ್ನು ಕಂತುಗಳಲ್ಲಿ ಕಟ್ಟುವವರು ಇನ್ನೂ ಒಂದು ವಿಷಯ ತಿಳಿದಿರಬೇಕು. ಕಂತಿನ ಸಾಲವನ್ನು ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ನೀಡಿದ್ದಲ್ಲಿ ಅದು ಬೇರೆಯೇ ಕರಾರು. ಪಾಸು ಸಿಗಲಿಲ್ಲವೆಂದು ಕಂತು ನಿಲ್ಲಿಸಿದರೆ ಬಾಕಿದಾರರೆಂದು ದಾಖಲಾಗಿ ಮುಂದೆ ಕೃಷಿ ಸಾಲ, ಗೃಹ ಸಾಲಗಳಿಗೂ ತೊಡಕಾಗಬಹುದು. ಭರ್ತಿ ಮಾಡದ ಚೆಕ್ಕುಗಳಿಗೆ ಸಹಿ ಮಾಡಿ ಕೊಡಬಾರದು. ಅದೃಷ್ಟ ಚೀಟಿಯಂತಹ ಕಾಗದಗಳಿಗಾಗಿ ಆಧಾರ್ ಪ್ರತಿಯನ್ನು ನೀಡುವ ಅಗತ್ಯವಿಲ್ಲ.

7. ಬಳಸದ ರಾತ್ರಿಗಳಿಗೆ ಹಣ ವಾಪಸು ಎಂಬ ಭರವಸೆ

ಪ್ರವಾಸ ಹೋಗದಿದ್ದರೆ ಕೆಲವು ವರ್ಷಗಳ ನಂತರ ಕಟ್ಟಿದ ಹಣಕ್ಕಿಂತ ಹೆಚ್ಚು ಹಣ ಹಿಂದಿರುಗಿಸುತ್ತೇವೆ ಎಂಬ ಭರವಸೆ ನೀಡಿದರೆ ಅದು ಪ್ರವಾಸಿ ಸದಸ್ಯತ್ವವಾಗಿ ಉಳಿಯದೆ ಹೂಡಿಕೆಯ ಸ್ವರೂಪ ಪಡೆಯುತ್ತದೆ. ಅಂತಹ ಸಾಮೂಹಿಕ ಹೂಡಿಕೆ ಯೋಜನೆಗೆ ಸೆಬಿಯ ನೋಂದಣಿ ಅಗತ್ಯ. ಹೋಟೆಲ್ ಕೊಠಡಿಗಳ ರಾತ್ರಿಗಳ ಹೆಸರಿನಲ್ಲಿ ಹಣ ಸಂಗ್ರಹಿಸಿದ್ದ ಪ್ಯಾನ್‌ಕಾರ್ಡ್ ಕ್ಲಬ್ಸ್ ಸಂಸ್ಥೆಯ ವಿರುದ್ಧ ಸೆಬಿಯು 2014ರ ಜುಲೈನಲ್ಲಿ ಮಧ್ಯಂತರ ಆದೇಶ ಹೊರಡಿಸಿ, 2016ರಲ್ಲಿ ಹಣ ಹಿಂದಿರುಗಿಸುವಂತೆ ಆದೇಶಿಸಿತು. ಸದರಿ ಪ್ರಕರಣದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿಂದ 7,000 ಕೋಟಿ ರೂ.ಗಳಿಗೂ ಮೀರಿದ ಹಣ ಸಂಗ್ರಹವಾಗಿತ್ತು. ಪಾಸು, ಉಡುಗೊರೆ, ಹಣ ವಾಪಸು ಮೂರನ್ನೂ ಒಟ್ಟಿಗೆ ಹೇಳುವ ಯೋಜನೆ ಎದುರಾದಾಗ ನೋಂದಣಿಯ ವಿವರ ಕೇಳುವುದನ್ನು ಮರೆಯಬಾರದು.

8. ಕಾನೂನು ಏನು ಹೇಳುತ್ತದೆ?

ಗ್ರಾಹಕರ ಸಂರಕ್ಷಣಾ ಕಾಯ್ದೆ, 2019 ದಿನಾಂಕ 20-07-2020 ರಿಂದ ಹಂತಹಂತವಾಗಿ ಜಾರಿಗೆ ಬಂದು, 1986ರ ಕಾಯ್ದೆಯ ಸ್ಥಾನವನ್ನು ಪಡೆದಿದೆ. ಅದರ ಕಲಂ 2(47)ರಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳನ್ನು ವಿವರಿಸಲಾಗಿದೆ. ಕೊಡುವ ಉದ್ದೇಶವಿಲ್ಲದೆ ಉಡುಗೊರೆ ಅಥವಾ ಬಹುಮಾನ ಪ್ರಕಟಿಸುವುದು ಇದರಲ್ಲಿ ಸೇರಿದೆ. ಒಟ್ಟು ಬೆಲೆಯಲ್ಲಿಯೇ ಪೂರ್ಣವಾಗಿ ಅಥವಾ ಭಾಗಶಃ ಸೇರಿಸಿರುವ ವಸ್ತುವನ್ನು ಉಚಿತವೆಂದು ನಂಬಿಸುವುದೂ ಸೇರಿದೆ. ಬಿಲ್ಲು ಅಥವಾ ರಸೀದಿ ನೀಡದಿರುವುದು ಸಹ ಅನುಚಿತ ಪದ್ಧತಿಯೇ. ಕಲಂ 2(28)ರಲ್ಲಿ ದಾರಿತಪ್ಪಿಸುವ ಜಾಹೀರಾತಿನ ವ್ಯಾಖ್ಯೆ ಇದೆ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಗಳು ಉಚಿತ ಕೊಡುಗೆಯ ಜಾಹೀರಾತುಗಳಿಗೂ ಆಮಿಷದ ಜಾಹೀರಾತುಗಳಿಗೂ ಷರತ್ತುಗಳನ್ನು ವಿಧಿಸಿವೆ.

ಇಂತಹ ಜಾಹೀರಾತುಗಳ ಬಗ್ಗೆ ಕಲಂ 17ರ ಅಡಿಯಲ್ಲಿ ಜಿಲ್ಲಾಧಿಕಾರಿಗಳಿಗೂ ಲಿಖಿತವಾಗಿ ಅಥವಾ ವಿದ್ಯುನ್ಮಾನ ವಿಧಾನದಲ್ಲಿ ದೂರು ನೀಡಬಹುದು. ಜಾಹೀರಾತಿನ ಪ್ರತಿ, ದಿನಾಂಕ ಹಾಗೂ ಅದು ಕಂಡ ಸ್ಥಳದ ವಿವರಗಳನ್ನು ಅದರೊಂದಿಗೆ ಲಗತ್ತಿಸತಕ್ಕದ್ದು. ಕಲಂ 17ರ ದೂರು ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ್ದು, ದೂರುದಾರರ ಹಣ ವಾಪಸಾತಿಗೆ ಮುಂದಿನ ಕಂಡಿಕೆಯಲ್ಲಿ ವಿವರಿಸಿದ ಆಯೋಗದ ಮಾರ್ಗವನ್ನು ಅನುಸರಿಸಬೇಕು.

9. ರಿಯಾಯಿತಿ ನಿರಾಕರಿಸಿದಲ್ಲಿ ಅನುಸರಿಸಬೇಕಾದ ಕ್ರಮ

ಮೊದಲ ಹಂತ: ಪಾರ್ಕಿನ ಕೌಂಟರಿನಲ್ಲಿ ರಿಯಾಯಿತಿ ನಿರಾಕರಿಸಿದರೆ ಅದರ ಕಾರಣವನ್ನು ಬರೆದುಕೊಡುವಂತೆ ಕೇಳಿರಿ. ಬರೆದುಕೊಡದಿದ್ದಲ್ಲಿ ದಿನಾಂಕ, ಸಮಯ ಮತ್ತು ನಡೆದ ಸಂಗತಿಯನ್ನು ಅಂದೇ ಸಂಸ್ಥೆಗೆ ಮಿಂಚಂಚೆಯಲ್ಲಿ ತಿಳಿಸಿರಿ. ಪೂರ್ಣ ದರ ಕೊಟ್ಟು ಒಳಹೋಗಿದ್ದರೆ ಆ ಟಿಕೆಟ್ಟುಗಳನ್ನು ಜೋಪಾನವಾಗಿಡಿ. ಆಗಿರುವ ನಷ್ಟಕ್ಕೆ ಅವೇ ಸಾಕ್ಷಿ.

ಎರಡನೆಯ ಹಂತ: ಟೈಮ್‌ಶೇರ್ ಸಂಸ್ಥೆಗೆ ಲಿಖಿತ ಪತ್ರ ಬರೆದು, ಕರಾರಿನ ಯಾವ ಷರತ್ತು ಉಲ್ಲಂಘನೆಯಾಗಿದೆ ಎಂಬುದನ್ನು ಸೂಚಿಸಿ, ಉತ್ತರಕ್ಕೆ 15 ದಿನಗಳ ಕಾಲಾವಕಾಶ ನೀಡಿರಿ. ಪತ್ರವನ್ನು ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಿರಿ. ಈ ಅವಧಿಯನ್ನು ಕಾನೂನು ನಿಗದಿಪಡಿಸಿಲ್ಲ. ಆದರೆ ಸಂಸ್ಥೆಗೆ ಸರಿಪಡಿಸಲು ಅವಕಾಶ ನೀಡಲಾಗಿತ್ತು ಎಂಬುದಕ್ಕೆ ಇದು ದಾಖಲೆಯಾಗುತ್ತದೆ.

ಮೂರನೆಯ ಹಂತ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇಲ್ಲಿ ಕನ್ನಡದಲ್ಲಿಯೂ ಮಾತನಾಡುವ ಸೌಲಭ್ಯವಿದೆ. ಸಹಾಯವಾಣಿಯು ಸಂಸ್ಥೆಯೊಂದಿಗೆ ಪತ್ರ ವ್ಯವಹಾರ ನಡೆಸಿ ವಿವಾದವನ್ನು ಬಗೆಹರಿಸಲು ಯತ್ನಿಸುತ್ತದೆ. ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ.

ನಾಲ್ಕನೆಯ ಹಂತ: ಚಾಮರಾಜನಗರ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುವುದು. ಇದರ ವಿವರಗಳು ಕೆಳಕಂಡಂತಿವೆ.

10. ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸುವ ವಿಧಾನ

ಎಲ್ಲಿ: 1986ರ ಕಾಯ್ದೆಯಡಿ ಎದುರುದಾರ ಸಂಸ್ಥೆಯ ಕಚೇರಿ ಅಥವಾ ಶಾಖೆ ಇರುವ ಇಲ್ಲವೇ ವ್ಯಾಜ್ಯಕಾರಣ ಉದ್ಭವಿಸಿದ ಸ್ಥಳದಲ್ಲಿ ದೂರು ಸಲ್ಲಿಸಬೇಕಾಗಿತ್ತು. 2019ರ ಕಾಯ್ದೆಯ ಕಲಂ 34ರ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೂ ದೂರು ಸಲ್ಲಿಸಬಹುದು. ಸಂಸ್ಥೆಯ ಕಚೇರಿ ಬೆಂಗಳೂರಿನಲ್ಲಿರಲಿ, ಮುಂಬಯಿಯಲ್ಲಿರಲಿ, ಹನೂರಿನ ನಿವಾಸಿ ಚಾಮರಾಜನಗರದಲ್ಲಿಯೇ ದೂರು ಸಲ್ಲಿಸಲು ಹಕ್ಕುಳ್ಳವರಾಗಿರುತ್ತಾರೆ. ಈ ಮೂರು ತಾಲ್ಲೂಕುಗಳ ಜನರಿಗೆ ಇದು ಬಹಳ ಉಪಯುಕ್ತವಾದ ಬದಲಾವಣೆ.

ಮೊತ್ತದ ಮಿತಿ: 2021ರ ಡಿಸೆಂಬರ್‌ನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಸೇವೆಗಾಗಿ ಪಾವತಿಸಿದ ಮೊತ್ತ 50 ಲಕ್ಷ ರೂ. ಮೀರದ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ.

ಶುಲ್ಕ: ಪಾವತಿಸಿದ ಮೊತ್ತ 5 ಲಕ್ಷ ರೂ.ವರೆಗೆ ಇದ್ದಲ್ಲಿ ಯಾವುದೇ ಶುಲ್ಕವಿಲ್ಲ. 5 ಲಕ್ಷ ಮೀರಿ 10 ಲಕ್ಷದವರೆಗೆ 200 ರೂ., 10 ಲಕ್ಷ ಮೀರಿ 20 ಲಕ್ಷದವರೆಗೆ 400 ರೂ., 20 ಲಕ್ಷ ಮೀರಿ 50 ಲಕ್ಷದವರೆಗೆ 1,000 ರೂ.

ಕಾಲಮಿತಿ: ವ್ಯಾಜ್ಯಕಾರಣ ಉದ್ಭವಿಸಿದ ದಿನದಿಂದ 2 ವರ್ಷಗಳು. ವಿಳಂಬಕ್ಕೆ ಸಮರ್ಪಕ ಕಾರಣವಿದ್ದಲ್ಲಿ ಆಯೋಗವು ಅದನ್ನು ಮನ್ನಿಸಬಹುದು. ಮುಂದಿನ ವರ್ಷ ಸರಿಪಡಿಸುತ್ತೇವೆ ಎಂಬ ಮಾತನ್ನು ನಂಬಿ ಈ ಅವಧಿಯನ್ನು ಕಳೆದುಕೊಳ್ಳಬಾರದು.

ವಕೀಲರು: ದೂರುದಾರರು ಸ್ವತಃ ವಾದ ಮಂಡಿಸಬಹುದು. ವಕೀಲರ ನೆರವು ಬೇಕಿದ್ದಲ್ಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ಇತರ ಅರ್ಹರು ಉಚಿತ ಕಾನೂನು ನೆರವು ಕೋರಬಹುದು. ಇದರ ಸಹಾಯವಾಣಿ ಸಂಖ್ಯೆ 15100.

ಲಗತ್ತಿಸಬೇಕಾದ ದಾಖಲೆಗಳು: ಸದಸ್ಯತ್ವ ಕರಾರು, ಹಣ ಪಾವತಿಯ ರಸೀದಿಗಳು, ಜಾಹೀರಾತು ಅಥವಾ ಕರಪತ್ರ, ಪಾಸಿಗೆ ಸಂಬಂಧಿಸಿದ ಸಂದೇಶಗಳು, ಸಂಸ್ಥೆಗೆ ಬರೆದ ಪತ್ರ ಮತ್ತು ಅಂಚೆ ರಸೀದಿ, ಪೂರ್ಣ ದರದಲ್ಲಿ ಕೊಂಡ ಟಿಕೆಟ್ಟುಗಳು, ವಾಸಸ್ಥಳದ ದಾಖಲೆ ಮತ್ತು ಪ್ರಮಾಣಪತ್ರ. ದೂರಿನಲ್ಲಿ ನಡೆದ ಸಂಗತಿಗಳನ್ನು ದಿನಾಂಕದ ಕ್ರಮದಲ್ಲಿ ಬರೆದು, ಕೋರುವ ಪರಿಹಾರವನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದು.

ವಿಚಾರಣೆ: ದೂರನ್ನು ಅಂಗೀಕರಿಸುವ ಬಗ್ಗೆ ಸಾಮಾನ್ಯವಾಗಿ 21 ದಿನಗಳೊಳಗೆ ತೀರ್ಮಾನಿಸಬೇಕು. ಎದುರುದಾರರು ಉತ್ತರ ಸಲ್ಲಿಸಲು 30 ದಿನಗಳ ಅವಕಾಶವಿದ್ದು, ಅದನ್ನು ಇನ್ನೂ 15 ದಿನ ವಿಸ್ತರಿಸಬಹುದು. ಎರಡೂ ಕಡೆಯವರು ಒಪ್ಪಿದರೆ ಮಧ್ಯಸ್ಥಿಕೆಗೆ ಅವಕಾಶವಿದೆ. ಕೋರಿಕೆಯ ಮೇರೆಗೆ ವಿಡಿಯೋ ಮೂಲಕ ಹಾಜರಾಗಲು ಸಹ ಕಾಯ್ದೆಯಲ್ಲಿ ಅವಕಾಶವಿದೆ. ಆಯೋಗದ ಆದೇಶದ ವಿರುದ್ಧ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆದೇಶವನ್ನು ಪಾಲಿಸದವರಿಗೆ ಕಲಂ 72ರ ಅಡಿ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಎರಡು ಸ್ಪಷ್ಟನೆಗಳು: ಕರಾರಿನಲ್ಲಿ ವಿವಾದಗಳನ್ನು ಪಂಚಾಯ್ತಿದಾರರಿಗೇ ಒಪ್ಪಿಸಬೇಕೆಂದು ಬರೆದಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು ಎಮಾರ್ ಎಂ.ಜಿ.ಎಫ್. ಪ್ರಕರಣದಲ್ಲಿ 2018ರ ಡಿಸೆಂಬರ್‌ನಲ್ಲಿ ಇದನ್ನು ಎತ್ತಿಹಿಡಿದಿದೆ. ಆದರೆ ಕರಾರೇ ಅನ್ಯಾಯದ ಕರಾರು ಎಂಬುದು ದೂರಿನ ಮುಖ್ಯ ಆಧಾರವಾಗಿದ್ದಲ್ಲಿ ಅಂತಹ ದೂರನ್ನು ಜಿಲ್ಲಾ ಆಯೋಗದ ಬದಲು ರಾಜ್ಯ ಆಯೋಗಕ್ಕೆ ಸಲ್ಲಿಸಬೇಕಾಗುತ್ತದೆ. ಭರವಸೆ ಕೊಟ್ಟ ರಿಯಾಯಿತಿ ನೀಡಲಿಲ್ಲ ಎಂಬ ಸೇವಾ ನ್ಯೂನತೆಯ ದೂರಿಗೆ ಜಿಲ್ಲಾ ಆಯೋಗವೇ ಸೂಕ್ತ ವೇದಿಕೆ.

11. ಸಾರಾಂಶ

ಮಕ್ಕಳನ್ನು ವರ್ಷಕ್ಕೊಮ್ಮೆ ಸಂತೋಷವಾಗಿ ಪಾರ್ಕಿಗೆ ಕರೆದೊಯ್ಯಲು ಅಂದಿನ ಟಿಕೆಟ್ ಸಾಕು. ವಾರ್ಷಿಕ ಪಾಸು ಪದೇ ಪದೇ ಹೋಗುವವರಿಗೆ ಮಾತ್ರ ಲಾಭದಾಯಕ. ಟೈಮ್‌ಶೇರ್ ಸದಸ್ಯತ್ವವು ಪ್ರತಿ ವರ್ಷ ತಪ್ಪದೆ ಪ್ರವಾಸ ಹೋಗುವವರಿಗೆ ಮಾತ್ರ ಪ್ರಯೋಜನಕಾರಿ. ಈ ಮೂರೂ ಬೇರೆ ಬೇರೆ ಖರ್ಚುಗಳು. ಇವನ್ನು ಒಂದೇ ಗಂಟಾಗಿ ಕಟ್ಟಿ ತೋರಿಸಿದಾಗ ಗಂಟನ್ನು ಬಿಚ್ಚಿ, ಪ್ರತಿಯೊಂದರ ಬೆಲೆಯನ್ನು ಬೇರೆಯಾಗಿ ಬರೆದು ನೋಡತಕ್ಕದ್ದು.

ನಾಗರಿಕರು ಸದಸ್ಯತ್ವಕ್ಕೆ ಸಹಿ ಮಾಡುವ ಮುನ್ನ ಕರಾರನ್ನು ಮನೆಗೆ ತಂದು, ಓದುಬರಹ ಬಲ್ಲ ಕುಟುಂಬದ ಹಿರಿಯರೊಂದಿಗೆ ಅಥವಾ ವಿದ್ಯಾವಂತ ಮಕ್ಕಳೊಂದಿಗೆ ಕುಳಿತು ಪೂರ್ಣವಾಗಿ ಓದಬೇಕೆಂದು ಕೋರಲಾಗಿದೆ. ಈಗಾಗಲೇ ಹಣ ಪಾವತಿಸಿ ಭರವಸೆಯ ಸೌಲಭ್ಯ ದೊರೆಯದವರು ಕಾಗದಪತ್ರಗಳನ್ನು ಒಂದೆಡೆ ಜೋಡಿಸಿಕೊಂಡು, 2 ವರ್ಷಗಳ ಕಾಲಮಿತಿ ಮೀರುವ ಮುನ್ನ ಮೇಲ್ಕಂಡ ಕ್ರಮಗಳನ್ನು ಅನುಸರಿಸಿ ಪರಿಹಾರ ಪಡೆಯುವ ತಮ್ಮ ಹಕ್ಕನ್ನು ಉಪಯೋಗಿಸಿಕೊಳ್ಳಬಹುದಾಗಿದೆ.